ಖಿನ್ನತೆಯ ಮಾತ್ರೆಗಳಿಂದ ದೇಶದ ಆತ್ಮಹತ್ಯೆ ಪ್ರಮಾಣ ಇಳಿಯುತ್ತದೆಯೇ?

ಪರ: ರೋಗ ಗುರುತಿಸಿ ಔಷಧ ಕೊಟ್ಟಲ್ಲಿ ಜೀವ ಉಳಿದಿದೆ

ಬಾಲ್ಟಿಕ್ ಸಮುದ್ರದಲ್ಲಿ ಸ್ವೀಡನ್ನಿಗೆ ಸೇರಿದ ಗಾಟ್‌ಲ್ಯಾಂಡ್ ಎಂಬ ದ್ವೀಪವಿದೆ. ಖಿನ್ನತೆಯನ್ನು ಪತ್ತೆಹಚ್ಚುವುದು ಹೇಗೆ, ಯಾವ ಔಷಧ ಕೊಡಬೇಕು ಎಂದು 1983–84ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಡಲಾಯಿತು. ಖಿನ್ನತೆ ನಿವಾರಕಗಳ ಬಳಕೆ ಏರಿತು, ನಿದ್ರಾಜನಕಗಳ ಬಳಕೆ ತಗ್ಗಿತು, ಆತ್ಮಹತ್ಯೆಗಳೂ ಕಡಿಮೆಯಾದವು. ಕೆಲವೇ ವರ್ಷಗಳಲ್ಲಿ ತರಬೇತಿ ಪಡೆದ ವೈದ್ಯರಲ್ಲಿ ಅನೇಕರು ದ್ವೀಪ ಬಿಟ್ಟು ಹೋದರು, ಸಾವಿನ ಸಂಖ್ಯೆ ಮತ್ತೆ ಏರಿತು. ನನ್ನ ಮಟ್ಟಿಗೆ ಬಲವಾದ ಸಾಕ್ಷ್ಯ ಈ ಏರಿಕೆಯೇ. ಚಿಕಿತ್ಸೆ ಬಂದಾಗ ಇಳಿದದ್ದು ಚಿಕಿತ್ಸೆ ಸಡಿಲವಾದಾಗ ಏರಿದರೆ ಅದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ. 1990ರ ದಶಕದಲ್ಲಿ ಹೊಸ ಪೀಳಿಗೆಯ ಮಾತ್ರೆಗಳು ಹರಡಿದಂತೆ ಇಡೀ ಸ್ವೀಡನ್ನಿನಲ್ಲೂ ಆತ್ಮಹತ್ಯೆ ಪ್ರಮಾಣ ಇಳಿಯಿತು.

ನಮ್ಮಲ್ಲಿರುವುದು ಮಾತ್ರೆ ಅತಿಯಾದ ತೊಂದರೆಯಲ್ಲ. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆಯಿರುವ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿದ್ದೆಯಿಲ್ಲ, ಹಸಿವಿಲ್ಲ, ಮೈಕೈ ನೋವು ಎಂದು ಬಂದವರಿಗೆ ಗ್ಯಾಸ್ಟ್ರಿಕ್ ಮಾತ್ರೆ, ವಿಟಮಿನ್ ಬರೆದು ಕಳಿಸಿದರೆ ಒಳಗಿನ ಕಾಯಿಲೆ ಒಳಗೇ ಉಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು "ಬದುಕೇ ಬೇಡ ಅನ್ನಿಸುತ್ತದೆಯೇ?" ಎಂದು ನೇರವಾಗಿ ಕೇಳಬೇಕು, ಬೇಕಾದವರಿಗೆ ಔಷಧವನ್ನೂ ಕೊಡಬೇಕು.

ವಿರೋಧ: ಇಳಿದದ್ದಕ್ಕೆಲ್ಲ ಮಾತ್ರೆಯೇ ಕಾರಣವಲ್ಲ

ಪುಟ್ಟ ದ್ವೀಪದಲ್ಲಿ ಆತ್ಮಹತ್ಯೆಗಳು ಬೆರಳೆಣಿಕೆಯಷ್ಟು. ನಾಲ್ಕೈದು ಸಾವು ಹೆಚ್ಚುಕಡಿಮೆಯಾದರೂ ಪ್ರಮಾಣ ಏರುಪೇರಾಗುತ್ತದೆ. ಮೇಲಾಗಿ ಗಾಟ್‌ಲ್ಯಾಂಡಿನಲ್ಲಿ ಇಳಿದದ್ದು ಮುಖ್ಯವಾಗಿ ಹೆಂಗಸರ ಆತ್ಮಹತ್ಯೆ, ಗಂಡಸರದು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಕಾಲಕ್ರಮವೂ ಈ ವಾದಕ್ಕೆ ಒಗ್ಗುವುದಿಲ್ಲ. ಡೆನ್ಮಾರ್ಕಿನಲ್ಲಿ ಆತ್ಮಹತ್ಯೆ ಇಳಿಯತೊಡಗಿದ್ದು 1980ರ ಸುಮಾರಿಗೆ. ಹೊಸ ಪೀಳಿಗೆಯ ಮಾತ್ರೆಗಳಲ್ಲಿ ಹೆಸರಾದ ಪ್ರೊಜ್ಯಾಕ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 1987ರ ಕೊನೆಗೆ. ಅದೇ ಅಮೆರಿಕದಲ್ಲಿ 1999ರಲ್ಲಿ ಲಕ್ಷಕ್ಕೆ 10.5 ಇದ್ದ ಆತ್ಮಹತ್ಯೆ ಪ್ರಮಾಣ 2018ರಲ್ಲಿ 14.2ಕ್ಕೆ ಏರಿತು. ಆ ಅವಧಿಯುದ್ದಕ್ಕೂ ಮಾತ್ರೆ ನುಂಗುವವರೂ ಹೆಚ್ಚುತ್ತಲೇ ಇದ್ದರು. ಮಾತ್ರೆಯೇ ಕೊಲ್ಲುತ್ತದೆ ಎಂದು ಇದರಿಂದ ಹೇಳಲು ಬರುವುದಿಲ್ಲ, ನಾನು ಹೇಳುವುದೂ ಇಲ್ಲ. ಆದರೆ ಹದಿಹರೆಯದವರಲ್ಲಿ ಆತ್ಮಹತ್ಯೆಯ ಆಲೋಚನೆ ಹೆಚ್ಚಬಹುದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಔಷಧದ ಮಾಹಿತಿಯಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ (ಅತಿ ಗಂಭೀರ ಎಚ್ಚರಿಕೆ) ಹಾಕಿಸಿ, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿದ್ದನ್ನು ಮರೆಯುವಂತಿಲ್ಲ.

ಕಣ್ಣೆದುರಿನ ಶ್ರೀಲಂಕಾ ನೋಡಿ. 1995ರಲ್ಲಿ ಲಕ್ಷಕ್ಕೆ ಸುಮಾರು 47 ಇದ್ದದ್ದು ಹತ್ತು ವರ್ಷಗಳಲ್ಲಿ ಅರ್ಧಕ್ಕಿಳಿಯಿತು. ಅದಕ್ಕೆ ಮುಖ್ಯ ಕಾರಣ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಸರ್ಕಾರಿ ಆದೇಶ. ಸಾಲ, ಕುಡಿತ, ಮನೆಯೊಳಗಿನ ಹಿಂಸೆ ಇವುಗಳಿಗೆ ಔಷಧದ ಚೀಟಿಯಲ್ಲಿ ಉತ್ತರವಿಲ್ಲ. ದೇಶದ ಅಂಕಿ ಇಳಿಸುವ ಹೊಣೆಯನ್ನು ಮಾತ್ರೆಯ ಮೇಲೆ ಹೊರಿಸಿದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾತ್ರ ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು. ದಿಢೀರ್ ನಿಲ್ಲಿಸುವುದು ಅಪಾಯ, ವೈದ್ಯರೊಂದಿಗೆ ಮಾತನಾಡಿ. ಮನಸ್ಸು ತಡೆಯದಷ್ಟು ಭಾರವಾದವರು 14416ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ.