ಬಣ್ಣ ಹುಟ್ಟುವ ಬಗೆಯನ್ನೂ ತೋರಿಸುವ ಚಿತ್ರ

ಮಕ್ಕಳಲ್ಲಿ ಚಿತ್ರಕಲೆಯ ಆಸಕ್ತಿ ಮೂಡಿಸುವ ಕೌಟುಂಬಿಕ ಚಲನಚಿತ್ರಗಳನ್ನು ಪರಿಚಯಿಸಿರುವ ಲೇಖನವೊಂದನ್ನು ಓದಿದೆ. ಅದು, ಓದು-ಬರಹದಲ್ಲಿ ಹಿಂದುಳಿದರೂ ಚಿತ್ರ ಬಿಡಿಸುವುದರಲ್ಲಿ ಪ್ರತಿಭೆಯಿರುವ ಬಾಲಕನ ಕಥೆ ಹೇಳುವ 2007ರ ‘ತಾರೇ ಜಮೀನ್ ಪರ್’ ಚಿತ್ರಕ್ಕೆ ಮೊದಲ ಸ್ಥಾನ ನೀಡಿರುವುದು ಸಹಜವೇ ಆಗಿದೆ. ಆದರೆ ಆ ಚಿತ್ರವನ್ನು ನೋಡಿ ಮನಸ್ಸು ಬದಲಿಸಿಕೊಳ್ಳಬೇಕಾದವರು ಮಕ್ಕಳಿಗಿಂತ ಹೆಚ್ಚಾಗಿ ಪಾಲಕರು ಮತ್ತು ಶಿಕ್ಷಕರು ಎಂಬುದು ನನ್ನ ಅಭಿಪ್ರಾಯ.

ಮಗುವಿನ ಕೈ ತಾನಾಗಿಯೇ ಪೆನ್ಸಿಲಿನತ್ತ ಚಾಚುವಂತೆ ಮಾಡುವ ಚಿತ್ರವೆಂದರೆ, ಐರ್ಲೆಂಡಿನ ಪ್ರಾಚೀನ ಹಸ್ತಪ್ರತಿಯೊಂದರ ಸುತ್ತ ಹೆಣೆದ 2009ರ ಅನಿಮೇಷನ್ ಚಿತ್ರ ‘ದಿ ಸೀಕ್ರೆಟ್ ಆಫ್ ಕೆಲ್ಸ್’. ಪುಟಗಳನ್ನು ಅಲಂಕರಿಸಲು ಕಲಿಯುವ ಬಾಲಕ ಬ್ರೆಂಡನ್, ಶಾಯಿಗೆ ಬೇಕಾದ ಓಕ್ ಮರದ ಕಾಯಿಯಂಥ ಗಂಟುಗಳನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಭಾಗವನ್ನು ನೋಡಿದ ಮಗು, ಬಣ್ಣವು ಅಂಗಡಿಯ ಡಬ್ಬಿಯಲ್ಲಿ ಹುಟ್ಟುವುದಲ್ಲವೆಂದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಕಡಲು ದಾಟಿ ಬಂದು ಲೂಟಿ ಮಾಡುವ ವೈಕಿಂಗರ ದಾಳಿಯ ದೃಶ್ಯಗಳಿಗೆ ತೀರ ಚಿಕ್ಕವರು ಹೆದರಬಹುದು.

ಕೊಪ್ಪಳ ಜಿಲ್ಲೆಯವನಾದ ನನಗೆ ಈ ಚಿತ್ರ ನಮ್ಮ ಕಿನ್ನಾಳ ಗ್ರಾಮವನ್ನು ನೆನಪಿಸಿತು. ಅಲ್ಲಿನ ಚಿತ್ರಗಾರ ಕುಟುಂಬಗಳು ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟನ್ನು ಬಳಸಿ ಅದರ ಮೈಯನ್ನು ಹದಗೊಳಿಸಿ, ಆಮೇಲಷ್ಟೇ ಬಣ್ಣ ಹಚ್ಚಿ ಗೊಂಬೆಗಳನ್ನು ರೂಪಿಸುತ್ತವೆ. ಗಂಗಾವತಿ ಸಮೀಪದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಮನುಷ್ಯರು ಬಿಡಿಸಿದ ಕೆಂಪು ಚಿತ್ರಗಳೂ ಇವೆ. ಇಷ್ಟೆಲ್ಲ ಸಾಮಗ್ರಿ ಕೈಯಳತೆಯಲ್ಲಿರುವಾಗ ಕನ್ನಡದ ನಿರ್ದೇಶಕರು ಈ ಕಸುಬನ್ನೇ ಕೇಂದ್ರವಾಗಿಸಿ ಮಕ್ಕಳ ಚಿತ್ರ ಮಾಡಬೇಕು.

ಆ ಲೇಖನವನ್ನು ಬರೆದವರು ಪ್ರತಿ ಚಿತ್ರಕ್ಕೂ ಸೂಕ್ತವಾದ ವಯಸ್ಸನ್ನು, ಕನ್ನಡ ಉಪಶೀರ್ಷಿಕೆ ಇದೆಯೇ ಎಂಬುದನ್ನು ಪಟ್ಟಿಯಲ್ಲಿ ಸೇರಿಸಿದರೆ ಪಾಲಕರಿಗೆ ಅನುಕೂಲವಾಗುತ್ತದೆ.