ತುಳಸಿಗೆ ಡ್ರಿಪ್

"ನಾಲ್ಕು ಡ್ರಿಪ್ ಸೆಟ್ ಕೊಡಿ" ಅಂದೆ.

ಮೆಡಿಕಲ್ ಅಂಗಡಿಯವರು ಕನ್ನಡಕ ಮೇಲೇರಿಸಿ ನೋಡಿದರು. ಹತ್ತು ವರ್ಷದಿಂದ ನನಗೆ ಬಿ.ಪಿ. ಮಾತ್ರೆ ಕೊಡುತ್ತಿರುವವರು. "ಯಾರಿಗೆ ಸಾರ್?"

"ತುಳಸಿಗೆ. ನೀರಿಲ್ದೆ ತುಂಬಾ ಸೊರಗಿಬಿಟ್ಟಿದೆ."

"ಅಯ್ಯೋ ಪಾಪ. ವಯಸ್ಸೆಷ್ಟು?"

"ಏಳು ತಿಂಗಳಾಗಿರಬಹುದು."

"ಏಳು ತಿಂಗಳ ಮಗೂಗೆ ಮನೇಲೇ ಡ್ರಿಪ್ಪಾ? ಡಾಕ್ಟ್ರು ಏನಂದ್ರು?"

"ಡಾಕ್ಟ್ರು ಯಾಕೆ ಸಾರ್, ಯೂಟ್ಯೂಬ್ ನೋಡ್ಕೊಂಡೆ. ಟೆರೇಸ್ ಮೇಲೆ ಬಿಸಿಲಲ್ಲಿ ಇಟ್ಟಿದೀನಿ. ಗೋಡೆಗೆ ಮೊಳೇನೂ ಹೊಡೆದಾಯ್ತು."

ತಪ್ಪು ನನ್ನದಲ್ಲ, ಕನ್ನಡ ವ್ಯಾಕರಣದ್ದು. ಗಿಡವೂ ನಪುಂಸಕಲಿಂಗ, ಮಗುವೂ ನಪುಂಸಕಲಿಂಗ, ಎರಡೂ 'ಸೊರಗಿದೆ'. ಕೆಮ್ಮಿನ ಸಿರಪ್‌ಗೆಂದು ನಿಂತಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು ಮೊಬೈಲ್ ತೆಗೆದಾಗ ನನಗೆ ಹೊಳೆಯಿತು. "ಗಿಡ ಸ್ವಾಮಿ, ಗಿಡ! ತುಳಸಿ ಗಿಡ!" ಎಂದು ಕೂಗಿದೆ. ಅಷ್ಟರಲ್ಲಿ ಆಕೆ ರಸ್ತೆ ದಾಟಿಯಾಗಿತ್ತು.

ಅದು 2024ರ ಮಾರ್ಚ್. ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತುತ್ತಿದ್ದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ನನ್ನ ಕಾರು ಆ ಆದೇಶವನ್ನು ಮೂರು ವರ್ಷ ಮುಂಚಿನಿಂದಲೇ ಪಾಲಿಸುತ್ತಿತ್ತು. ಚಿಂತೆ ಇದ್ದದ್ದು ಟೆರೇಸಿನ ಹದಿನಾಲ್ಕು ಕುಂಡಗಳದ್ದು. ಹಿಂದಿನ ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೂ ನೋಡಲು ಹೋದವನು, ಜೋಳ ತಿಂದು, ಕೈಚೀಲದ ತುಂಬ ಸಸಿ ಹೊತ್ತು ಬಂದಿದ್ದೆ. ತುಳಸಿ, ದಾಸವಾಳ, ಬಸಳೆ, ದೊಡ್ಡಪತ್ರೆ, ಜೊತೆಗೊಂದು ನಿಂಬೆ. ಅದು ಇವತ್ತಿಗೂ ಮುಳ್ಳು ಬಿಟ್ಟರೆ ಬೇರೇನೂ ಬಿಟ್ಟಿಲ್ಲ.

ಡ್ರಿಪ್ ಸೆಟ್ಟಿನ ಲೆಕ್ಕ ಮಾತ್ರ ನಿಜಕ್ಕೂ ಚೆಂದ. ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿ. ಚಕ್ರ ತಿರುಗಿಸಿ ಮೂರು ಸೆಕೆಂಡಿಗೊಂದು ಹನಿ ಬೀಳುವಂತೆ ಇಟ್ಟರೆ, ಒಂದು ಲೀಟರ್ ಬಾಟಲಿ ಹದಿನಾರೂವರೆ ಗಂಟೆಗೂ ಹೆಚ್ಚು ಬರುತ್ತದೆ. ಬಕೆಟ್ಟಿನಲ್ಲಿ ಸುರಿದರೆ ಅರ್ಧ ನೀರು ಕುಂಡದ ತೂತಿನಿಂದ ಓಡಿಹೋಗುತ್ತದೆ. ಹನಿಹನಿಯಾಗಿ ಬಿದ್ದದ್ದು ಬೇರಿನಲ್ಲೇ ಉಳಿಯುತ್ತದೆ. ಹಳೆಯ ನೀರಿನ ಬಾಟಲಿಗಳನ್ನು ತಲೆಕೆಳಗು ಮಾಡಿ, ಮುಚ್ಚಳಕ್ಕೆ ಸೂಜಿ ಚುಚ್ಚಿ ನೇತುಹಾಕಿದೆ. ಐದು ನಿಮಿಷಕ್ಕೆ ಹನಿ ನಿಂತುಹೋಯಿತು. ಗಾಳಿ ಒಳಗೆ ಹೋಗದೆ ನೀರು ಹೊರಗೆ ಬರುವುದಿಲ್ಲ ಎಂಬುದು ಏಳನೇ ಕ್ಲಾಸಿನ ಪಾಠ. ನಲವತ್ತೆಂಟನೇ ವಯಸ್ಸಿನಲ್ಲಿ ಬಾಟಲಿಯ ತಳಕ್ಕೆ ತೂತು ಹೊಡೆದು ಪಾಸಾದೆ.

ನೀರಿಗೇನು ಮಾಡುವುದು? ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಹಾಕಿದೆ. ವಾರದಲ್ಲಿ ಮಣ್ಣಿನ ಮೇಲೆ ಉಪ್ಪಿನಕಾಯಿ ಭರಣಿಯ ಬಾಯಿಯ ಹಾಗೆ ಬಿಳಿ ಪೊರೆ ಕಟ್ಟಿತು. ಅದರಲ್ಲಿ ಲವಣ ಜಾಸ್ತಿ; ನೆಲ ಒರೆಸಲು ಸರಿ, ಬೇರಿಗಲ್ಲ. ಆಮೇಲೆ ಅಕ್ಕಿ ತೊಳೆದ ನೀರು. ಗಿಡಕ್ಕೆ ಅದು ಒಳ್ಳೆಯದೇ, ಆದರೆ ಡ್ರಿಪ್ ಸೆಟ್ಟಿನೊಳಗೊಂದು ಸಣ್ಣ ಜಾಲರಿ ಇರುತ್ತದೆ. ಎರಡನೇ ದಿನಕ್ಕೆ ಅಲ್ಲಿ ಗಂಜಿ ಕಟ್ಟಿಕೊಂಡಿತು, ಮೂರನೇ ದಿನಕ್ಕೆ ಟೆರೇಸೆಲ್ಲ ಹುಳಿದೋಸೆ ವಾಸನೆ.

ಆ ವಾಸನೆಯಲ್ಲೇ ಕೆಳಮನೆಯ ಅಜ್ಜಿ ಎರಡು ಎಳನೀರು ಹಿಡಿದು ಮನೆಗೆ ಬಂದರು. ಸಿರಪ್ ಹೆಂಗಸಿನ ಸುದ್ದಿ ಬೀದಿ ಸುತ್ತಿ ನಮ್ಮ ಕಟ್ಟಡಕ್ಕೆ ಬಂದಿತ್ತು. ಅಜ್ಜಿ ನನ್ನ ಕಡೆ ನೋಡಲೂ ಇಲ್ಲ. ಹೆಂಡತಿಯನ್ನು ಅಡುಗೆಮನೆಗೆ ಕರೆದು, ಕೈ ಹಿಡಿದುಕೊಂಡು, "ಆಗಿದ್ದು ಆಗಿಹೋಯ್ತು ಕಣಮ್ಮಾ. ಗಂಡಸು, ಏನೋ ಮಾಡಿಕೊಂಡಿರ್ತಾನೆ. ಮಗು ಏನು ತಪ್ಪು ಮಾಡಿದೆ? ಮಹಡಿ ಬಿಸಿಲಲ್ಲಿ ಯಾಕೆ ಮಲಗಿಸ್ತೀರಿ, ಒಳಗೆ ಕರ್ಕೊಳ್ಳಿ" ಎಂದರು.

ನನ್ನಾಕೆ ನಕ್ಕು ಮುಗಿಸಲು ಹತ್ತು ನಿಮಿಷ ಹಿಡಿಯಿತು. ಅವಳು ನಕ್ಕಷ್ಟೂ ಅಜ್ಜಿಗೆ ಅನುಮಾನ ಬಲವಾಯಿತು. ಕೊನೆಗೆ ಟೆರೇಸಿಗೇ ಕರೆದುಕೊಂಡು ಹೋಗಿ ತುಳಸಿಯನ್ನು ತೋರಿಸಬೇಕಾಯಿತು. ಎಳನೀರನ್ನು ಅಜ್ಜಿ ವಾಪಸ್ ತೆಗೆದುಕೊಂಡು ಹೋದರು.

ಡ್ರಿಪ್ ಕೈಕೊಟ್ಟ ಮೇಲೆ ಬತ್ತಿಯ ವಿಧಾನ. ಹತ್ತಿಬಟ್ಟೆಯ ಒಂದು ತುದಿ ನೀರಿನಲ್ಲಿ, ಇನ್ನೊಂದು ಮಣ್ಣಿನಲ್ಲಿ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಬಟ್ಟೆ ನೀರು ಎಳೆದುಕೊಡುತ್ತದೆ. ಮೈಸೂರಿನಲ್ಲೊಂದು ಮದುವೆ, ಎರಡು ದಿನ ಮನೆಯಲ್ಲಿರುವುದಿಲ್ಲ. ಅಪ್ಪನ ಹಳೇ ಪಂಚೆ ಹರಿದು, ಹುರಿ ಮಾಡಿ, ಪಾತ್ರೆ ತೊಳೆದ ನೀರಿನ ಬಕೆಟ್‌ಗಳಲ್ಲಿ ಇಳಿಬಿಟ್ಟೆ. ಗಿಡಕ್ಕೆ ಸುಲಭವಾಗಲಿ ಎಂದು ಬಕೆಟ್‌ಗಳನ್ನು ಸ್ಟೂಲಿನ ಮೇಲಿಟ್ಟೆ.

ಅಲ್ಲೇ ಎಡವಿದ್ದು. ಬಕೆಟ್ಟು ಕುಂಡಕ್ಕಿಂತ ಕೆಳಗಿದ್ದರೆ ಮಣ್ಣು ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಮೇಲಿದ್ದರೆ ಬತ್ತಿಯೇ ಪೈಪಾಗಿ, ಬಕೆಟ್ಟು ಖಾಲಿಯಾಗುವ ತನಕ ನಿಲ್ಲುವುದಿಲ್ಲ. ನಾಲ್ಕು ಬಕೆಟ್ ಪಾತ್ರೆ ತೊಳೆದ ನೀರು ಕುಂಡ ತುಂಬಿ, ಟೆರೇಸಿನ ಇಳಿಜಾರು ಹಿಡಿದು ಹೊರಟಿತು. ಇಳಿಜಾರಿನ ಕೊನೆಯಲ್ಲಿ ಅಜ್ಜಿಯ ಸಬ್ಬಕ್ಕಿ ಸಂಡಿಗೆ. ಹಾಸಿದ್ದೂ ಹತ್ತಿಪಂಚೆಯೇ. ನನ್ನ ಪಂಚೆ ಬಿಟ್ಟುಕೊಟ್ಟ ನೀರನ್ನು ಅವರ ಪಂಚೆ ಹನಿಯೂ ಬಿಡದೆ ಹೀರಿಕೊಂಡಿತು. ಅರೆ ಒಣಗಿದ ಇನ್ನೂರು ಸಂಡಿಗೆ ಮತ್ತೆ ಗಂಜಿಯಾದವು, ಸೋಪಿನ ಘಮದೊಂದಿಗೆ.

ಎರಡು ಕೆ.ಜಿ. ಸಬ್ಬಕ್ಕಿ, ಜೀರಿಗೆ, ಹಸಿಮೆಣಸು, ಆಮೇಲೆ ನಾಲ್ಕು ದಿನ ಕಾಗೆ ಕಾಯುವ ಕೆಲಸ: ಅದು ನನಗೆ ಬಿದ್ದ ದಂಡ. ಛತ್ರಿ ಹಿಡಿದು ಸಂಡಿಗೆ ಕಾಯುತ್ತ ಕೂತವನ ಪಕ್ಕದಲ್ಲಿ ತುಳಸಿ ಮಾತ್ರ ದಿನಕ್ಕೊಂದು ಎಲೆ ಬಿಡುತ್ತಿತ್ತು. ಬಕೆಟ್ಟು ಈಗ ಅದರ ಕಾಲಬುಡದಲ್ಲಿತ್ತು.

ಜೂನ್‌ನಲ್ಲಿ ಬಿ.ಪಿ. ಮಾತ್ರೆಗೆ ಹೋದಾಗ ಮೆಡಿಕಲ್ ಅಂಗಡಿಯವರೇ ಕೇಳಿದರು. "ತುಳಸಿ ಹೇಗಿದೆ ಸಾರ್?"

"ಚೆನ್ನಾಗಿದೆ. ತೆನೆ ಬರ್ತಿದೆ, ಬಂದ ಹಾಗೆ ಚಿವುಟಿ ಹಾಕ್ತಿದೀನಿ. ಡ್ರಿಪ್ ಬೇಡ ಅನ್ನಿಸ್ತು, ಬತ್ತಿ ಸಾಕು."

ಅವರು ಆಚೀಚೆ ನೋಡಿ, ಗಿರಾಕಿಗಳು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು. "ನಮ್ಮನೆ ಕರಿಬೇವು ಎಲೆಯೆಲ್ಲ ಹಳದಿ ಸಾರ್. ಏನು ಕೊಡೋಣ?"

"ಹುಳಿ ಮಜ್ಜಿಗೆಗೆ ನೀರು ಬೆರೆಸಿ ಹಾಕಿ ನೋಡಿ, ಹದಿನೈದು ದಿನಕ್ಕೊಂದ್ಸಲ."

ಮಾತ್ರೆಯ ಕವರು ತಿರುಗಿಸಿ ಬರೆದುಕೊಂಡರು. ಬರೆದು, ಪೆನ್ನು ಎತ್ತಿ ಕೇಳಿದರು: "ಊಟಕ್ಕೆ ಮುಂಚೆನಾ, ಆಮೇಲಾ?"