ಬರ್ರ್ ಅಂತದೆ, ಬೆಳಗಲ್ಲ

ಲ್ಯಾಪ್‌ಟಾಪ್ ಪೂರ್ತಿ ಕೆಟ್ಟರೆ ಒಂದು ಲೆಕ್ಕ. ಅರ್ಧ ಕೆಟ್ಟು ಕೂರುತ್ತದಲ್ಲ, ಅದು ಪ್ರಾಣ ಹಿಂಡುತ್ತದೆ. ನಮ್ಮದಕ್ಕೆ ಬಟನ್ ಒತ್ತಿದರೆ ಲೈಟ್ ಹತ್ತುತ್ತದೆ, ಫ್ಯಾನ್ ಬರ್ರ್ ಅನ್ನುತ್ತದೆ, ಸ್ಕ್ರೀನ್ ಮಾತ್ರ ಕಪ್ಪೋ ಕಪ್ಪು.

ನಮ್ಮೂರು ಮಲೆನಾಡಿನ ಸಾಗರದಲ್ಲಿ ಆಷಾಢದ ಮಳೆ. ಬೆಲ್ಟಿಗೆ ಬೂಷ್ಟು ಹಿಡಿದಿದೆ, ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗಿದೆ. ಇದನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋಗುವುದು ಯಾರು? ಹಾಗಾಗಿ ಸಲಹೆಗಳೇ ಮನೆಗೆ ಬಂದವು.

ಮೊದಲು ಭಾವನ ಫೋನು. "ಚಾರ್ಜರ್ ಕೀಳು, ಬ್ಯಾಟರಿ ಕಳಚು, ಪವರ್ ಬಟನ್ ಅರ್ಧ ನಿಮಿಷ ಅದುಮಿ ಹಿಡಿ." ಒಳಗೆ ಉಳಿದ ಕರೆಂಟೆಲ್ಲ ಅದರಿಂದ ಇಳಿದುಹೋಗುತ್ತದೆ. ನಮ್ಮದು ಹಳೇ ಮಾಡೆಲ್, ಬ್ಯಾಟರಿ ಕೈಯಲ್ಲೇ ಕಳಚುತ್ತದೆ. ಅದುಮಿದೆ. ಕರೆಂಟ್ ಇಳಿಯಿತೋ ಏನೋ, ಹೆಬ್ಬೆರಳಂತೂ ನೋಯಿತು.

"ಹಾಗಾದ್ರೆ ಲೈಟ್ ಆರಿಸಿ ಸ್ಕ್ರೀನಿಗೆ ಓರೆಯಾಗಿ ಟಾರ್ಚ್ ಬಿಡು" ಎಂದರು. ಮಸುಕಾಗಿ ಏನಾದರೂ ಕಂಡರೆ ಸ್ಕ್ರೀನಿನ ಹಿಂದಿನ ಬೆಳಕು ಮಾತ್ರ ಹೋಗಿದೆ ಎಂದು ಅರ್ಥ. ಕಂಡಿತು. ಮಗಳ ಐದೂ ಬೆರಳಿನ ಗುರುತು, ಮತ್ತೆ ಒಣಗಿದ ಸಾರಿನ ಹನಿ.

ಕೊನೆಗೆ ಪಕ್ಕದ ಮನೆಯ ಡಿಪ್ಲೊಮಾ ಹುಡುಗ ಬಂದ. ತಳ ಬಿಚ್ಚಿದ. ಕೆಲಸದ ಹೊತ್ತಿಗೆ ಬೇಕಾದ್ದನ್ನು ನೆನಪಿಟ್ಟುಕೊಳ್ಳುವ ಸಣ್ಣ ಪಟ್ಟಿ ಅಲ್ಲಿರುತ್ತದೆ, ರ‍್ಯಾಮ್ ಅಂತ. ರ‍್ಯಾಮ್‌ನ ಎರಡೂ ಕಡೆಯ ಕ್ಲಿಪ್ಪನ್ನು ಉಗುರಲ್ಲಿ ಸರಿಸಿದ್ದೇ ತಡ, ಪಟ್ಟಿ ಟಕ್ ಅಂತ ಓರೆಯಾಗಿ ಎದ್ದು ನಿಂತಿತು. "ಅಕ್ಕಾ, ರಬ್ಬರ್ ಇದ್ಯಾ?" ಎಂದ. ಕಂಪಾಸ್ ಬಾಕ್ಸಿನಿಂದ ಸ್ಟ್ರಾಬೆರಿ ವಾಸನೆಯದ್ದು ಕೊಟ್ಟೆ. ಪಟ್ಟಿಯ ಅಂಚಿನ ಹಳದಿ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದ. ಥಂಡಿಗೆ, ಧೂಳಿಗೆ ಅಲ್ಲಿ ಕೊಳೆ ಕೂರುತ್ತದಂತೆ. ರ‍್ಯಾಮ್ ಸರಿಯಾಗಿ ತಾಗದಿದ್ದರೆ ಸ್ಕ್ರೀನಿಗೆ ಬೆಳಕು ಬರುವ ಮೊದಲೇ ಮೆಷಿನ್ ನಿಂತುಬಿಡುತ್ತದೆ.

"ಹಳದಿ ಯಾಕೆ?" ಅತ್ತೆ ಕೇಳಿದರು.

"ಬಂಗಾರದ ಲೇಪ ಅಜ್ಜೀ. ತುಕ್ಕು ಹಿಡೀಬಾರ್ದು ಅಂತ."

ಅಲ್ಲಿಯವರೆಗೆ ಅವರೆಕಾಳು ಬಿಡಿಸುತ್ತಿದ್ದ ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಹುಡುಗ ಜೋರಾಗಿ ಉಜ್ಜಿದಾಗೆಲ್ಲ "ಮೆಲ್ಲಗೆ, ಸವೆದು ಹೋಗ್ತದೆ" ಎನ್ನುತ್ತಿದ್ದರು. ರ‍್ಯಾಮ್ ಬಗ್ಗೆ ಅವರು ಹೇಳಿದ ಒಂದೇ ಮಾತು, ಅದೂ ಸರಿ. ಜೋರಾಗಿ ಉಜ್ಜಬಾರದು.

ಪಟ್ಟಿ ಕೂರಿಸಿ ಬಟನ್ ಒತ್ತಿದ. ಬೆಳಗಿತು! ಆದರೆ ಬ್ಯಾಂಕಿನ ಪುಟ ತೆರೆದರೆ "ಸುರಕ್ಷಿತವಲ್ಲ" ಎಂದು ಬಾಗಿಲು ಹಾಕಿತು. ಮೂಲೆಯಲ್ಲಿ ನೋಡಿದರೆ ತಾರೀಕು 1 ಜನವರಿ 2012. ಒಳಗೆ ಬಿಲ್ಲೆಯಂಥ ಸಣ್ಣ ಸೆಲ್ ಇರುತ್ತದೆ, ಸಿಆರ್2032 ಅಂತ. ಗಡಿಯಾರ ಓಡಿಸುವುದು ಅದರ ಕೆಲಸ. ಅದು ಎಂದೋ ಸತ್ತಿತ್ತು. ದೊಡ್ಡ ಬ್ಯಾಟರಿ ತೆಗೆದ ಕೂಡಲೇ ಮೆಷಿನ್ ತಾರೀಕು ಮರೆತಿತ್ತು. ತಾರೀಕು ತಪ್ಪಿದರೆ ವೆಬ್‌ಸೈಟುಗಳ ಸರ್ಟಿಫಿಕೇಟಿಗೆ, ಅಂದರೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುವ ಗುರುತಿನ ಚೀಟಿಗೆ, ಲೆಕ್ಕ ಕೂಡುವುದಿಲ್ಲ.

ಹುಡುಗ ತಾರೀಕು ಸರಿಮಾಡಲು ಹೊರಟ. ಅತ್ತೆ ಕೈ ಹಿಡಿದು ನಿಲ್ಲಿಸಿದರು.

"ತಡಿಯಪ್ಪ. 2012 ಅಂತ ತೋರಿಸ್ತಾ ಇದ್ಯಲ್ಲ? ಮೊದ್ಲು ನಾಲ್ಕು ಗ್ರಾಂ ಬಂಗಾರ ಬುಕ್ ಮಾಡು. ಆಮೇಲೆ ಬೇಕಾದ್ದು ಮಾಡ್ಕೊ."